ಹಳದಿ ಕಂಡ ಕೂಡಲೇ ಸೋಡಿಯಂ ಎಂದು ಬರೆಯಬೇಡಿ

ಲ್ಯಾಬ್‌ನಲ್ಲಿ ಫ್ಲೇಮ್ ಟೆಸ್ಟ್, ಅಂದರೆ ತಂತಿಯ ತುದಿಯಲ್ಲಿ ಲವಣ ಹಿಡಿದು ಜ್ವಾಲೆಯ ಬಣ್ಣದಿಂದ ಲೋಹ ಗುರುತಿಸುವ ಪರೀಕ್ಷೆ, ಮಾಡಿಸುವಾಗ ನಾನು ಮೊದಲು ನೋಡುವುದು ಜ್ವಾಲೆಯನ್ನಲ್ಲ, ವಿದ್ಯಾರ್ಥಿಯ ಕೈಯಲ್ಲಿರುವ ತಂತಿಯನ್ನು. ತಂತಿ ಕೊಳೆಯಾಗಿದ್ದರೆ ಆಮೇಲೆ ಕಾಣುವ ಬಣ್ಣವನ್ನು ನಂಬುವ ಹಾಗಿಲ್ಲ.

ಒಮ್ಮೆ ಒಬ್ಬ ಹುಡುಗನಿಗೆ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟಿದ್ದೆ. "ಸರ್, ನಂದು ಸೋಡಿಯಂ" ಎಂದು ಓಡಿ ಬಂದ. ಜ್ವಾಲೆ ನಿಜವಾಗಿಯೂ ಹಳದಿಯಾಗಿತ್ತು. ತಂತಿಯ ತುದಿಯನ್ನು ಬೆರಳಿನಿಂದ ನೇರ ಮಾಡಿದ್ದ, ಅಷ್ಟೇ. ಬೆವರಿನ ಉಪ್ಪಿನಲ್ಲಿರುವ ಸೋಡಿಯಂ ಸಾಕಾಗಿತ್ತು.

ಕಾಯಿಸಿದಾಗ ಲೋಹದ ಪರಮಾಣುವಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಮೆಟ್ಟಿಲುಗಳ ಅಂತರ ಒಂದೊಂದು ಲೋಹಕ್ಕೆ ಒಂದೊಂದು, ಹಾಗಾಗಿ ಬಣ್ಣವೂ ಬೇರೆ. ಸೋಡಿಯಂನ ಬೆಳಕಿನ ತರಂಗಾಂತರ 589 ನ್ಯಾನೋಮೀಟರ್ ಹತ್ತಿರ, ಕಣ್ಣಿಗೆ ಚೆನ್ನಾಗಿ ಕಾಣುವ ಜಾಗದಲ್ಲಿದೆ. ಪೊಟ್ಯಾಸಿಯಂನ ಮುಖ್ಯ ಗೆರೆಗಳು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವಂಥವು) 766 ಮತ್ತು 770ರ ಸುತ್ತ, ಕಣ್ಣು ಸೋಲುವ ಅಂಚಿನಲ್ಲಿವೆ. ಇನ್ನೊಂದು ಮಂದ ಗೆರೆ 404ರಲ್ಲಿ, ನೇರಳೆಯ ತುದಿಯಲ್ಲಿ. ಪೊಟ್ಯಾಸಿಯಂನ ತಿಳಿ ನೇರಳೆ ಬಣ್ಣ ಚೂರು ಸೋಡಿಯಂ ಇದ್ದರೂ ಮುಚ್ಚಿಹೋಗುವುದು ಇದಕ್ಕೇ. ಆಗ ಕೋಬಾಲ್ಟ್ ಇರುವ ಕಡುನೀಲಿ ಗಾಜಿನ ಮೂಲಕ ನೋಡಿ. ಗಾಜು ಹಳದಿಯನ್ನು ಹೀರಿಕೊಳ್ಳುತ್ತದೆ, ಪೊಟ್ಯಾಸಿಯಂ ಗುಲಾಬಿ ಕೆಂಪಾಗಿ ಕಾಣುತ್ತದೆ. ಆ ಹುಡುಗನಿಗೂ ಗಾಜು ಕೊಟ್ಟೆ. "ಅಯ್ಯೋ, ಇದು ಬೇರೆಯೇ ಇದೆ!" ಎಂದ. ಆ ಮುಖ ನನಗೆ ಇನ್ನೂ ನೆನಪಿದೆ.

ತಂತಿ ಶುಚಿ ಮಾಡಲು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಕಾಯಿಸಿ, ಮತ್ತೆ ಅದ್ದಿ ಕಾಯಿಸಿ. ಜ್ವಾಲೆಗೆ ಯಾವ ಬಣ್ಣವೂ ಬರದಿರುವ ತನಕ ಬಿಡಬೇಡಿ. ಪ್ಲಾಟಿನಂ ತಂತಿಯಾದರೆ ಒಳ್ಳೆಯದು, ನಿಕ್ಕಲ್ ಮತ್ತು ಕ್ರೋಮಿಯಂನ ಮಿಶ್ರಲೋಹ ನಿಕ್ರೋಮ್ ಕೂಡ ನಡೆಯುತ್ತದೆ. ಲವಣವನ್ನೂ ಇದೇ ಆಮ್ಲದಲ್ಲಿ ಕಲಸುತ್ತೇವೆ. ಕ್ಲೋರೈಡ್‌ಗಳು ಬೇಗ ಆವಿಯಾಗುತ್ತವೆ, ಅಲ್ವಾ? ಆಮ್ಲದ ಹೊಗೆ ಮೂಗಿಗೆ ಕೆಟ್ಟದ್ದು. ಕನ್ನಡಕ ಹಾಕಿಕೊಂಡು, ಗಾಳಿ ಹೊರಹೋಗುವ ಕಡೆ ಮಾಡಿ.

ತಾಮ್ರದ ನೀಲಿ ಹಸಿರು ಸುಲಭವಾಗಿ ಸಿಗುತ್ತದೆ. ಬೇರಿಯಂನ ಸೇಬಿನ ಹಸಿರು ಮಾತ್ರ ತಡವಾಗಿ ಬರುತ್ತದೆ, ತಂತಿಯನ್ನು ಜ್ವಾಲೆಯಲ್ಲೇ ಹಿಡಿದು ಕಾಯಬೇಕು. ನಿಜವಾದ ತೊಂದರೆ ಕೆಂಪಿನದು. ಕ್ಯಾಲ್ಸಿಯಂನ ಇಟ್ಟಿಗೆ ಕೆಂಪನ್ನು ಅಭ್ಯಾಸದಿಂದ ಹಿಡಿಯಬಹುದು. ಲಿಥಿಯಂ, ಸ್ಟ್ರಾನ್ಷಿಯಂ ಎರಡೂ ಕಡುಗೆಂಪು, ಬರಿಗಣ್ಣಿಗೆ ನಾನೂ ಖಚಿತವಾಗಿ ಹೇಳಲಾರೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ಲಿಥಿಯಂ 671ರಲ್ಲಿ ಒಂದು ಚೂಪಾದ ಕೆಂಪು ಗೆರೆ ತೋರಿಸುತ್ತದೆ, ಸ್ಟ್ರಾನ್ಷಿಯಂ ಕೆಂಪು ಪಟ್ಟಿಗಳ ಜೊತೆ ಒಂದು ನೀಲಿ ಗೆರೆಯನ್ನೂ ಕೊಡುತ್ತದೆ. ಜರ್ಮನ್ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಖನಿಜ ನೀರಿನಲ್ಲಿ ಸೀಸಿಯಂ ಎಂಬ ಲೋಹವನ್ನು ಕಂಡುಹಿಡಿದದ್ದು ಹೀಗೆಯೇ, ಎರಡು ಹೊಸ ನೀಲಿ ಗೆರೆಗಳನ್ನು ನೋಡಿ.

ಮೆಗ್ನೀಸಿಯಂ ಲವಣ ಜ್ವಾಲೆಗೆ ಬಣ್ಣವನ್ನೇ ಕೊಡುವುದಿಲ್ಲ. ಹಾಗಾಗಿ ಬಣ್ಣ ಬರಲಿಲ್ಲ ಎಂದು ಲೋಹವೇ ಇಲ್ಲ ಎನ್ನಬೇಡಿ. ರೆಕಾರ್ಡ್‌ನಲ್ಲಿ ಮೊದಲು ಕಂಡ ಬಣ್ಣ ಬರೆಯಿರಿ, ಲೋಹದ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ದ್ರಾವಣದ ಪರೀಕ್ಷೆ ಮಾಡಿ. ಬೇರಿಯಂ ಅನ್ನಿಸಿದರೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ ನೋಡಿ. ಹಳದಿ ಗಸಿ ತಳಕ್ಕೆ ಕೂತರೆ ಪೆನ್ನು ತೆಗೆದುಕೊಳ್ಳಿ.