ಮಂಗಳನ ಅಂಗಳದಲ್ಲಿ ಪದೇ ಪದೇ ರೀಸೆಟ್

1997ರ ಜುಲೈ 4. ನಾಸಾದ ಪಾತ್‌ಫೈಂಡರ್ ನೌಕೆ ಏರ್‌ಬ್ಯಾಗ್ ಸುತ್ತಿಕೊಂಡು ಮಂಗಳನ ನೆಲದ ಮೇಲೆ ಪುಟಿದು ಪುಟಿದು ನಿಂತಿತು. ಚಿತ್ರಗಳು ಬಂದವು. ಸೋಜರ್ನರ್ ಅನ್ನೋ ಪುಟ್ಟ ಬಂಡಿ ಕೆಳಗಿಳಿಯಿತು. ಕೆಲವೇ ದಿನ ಕಳೆದಿತ್ತು, ಹವಾಮಾನದ ಅಳತೆ ಶುರುವಾಗಿತ್ತು. ಆಗ ನೌಕೆಯ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಅದುವರೆಗೆ ಕೂಡಿಟ್ಟ ಮಾಹಿತಿ ಹೋಗುತ್ತಿರಲಿಲ್ಲ. ಆದರೆ ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ ಬೀಳುತ್ತಿತ್ತು.

ಮನೆಯಲ್ಲಿ ಕಂಪ್ಯೂಟರ್ ಹ್ಯಾಂಗ್ ಆದರೆ ನಾವು ಆಫ್ ಮಾಡಿ ಆನ್ ಮಾಡುತ್ತೇವೆ. ಸರಿಹೋಯಿತು ಅಂದುಕೊಳ್ಳುತ್ತೇವೆ. ಕಾರಣ ಮಾತ್ರ ಅಲ್ಲೇ ಕೂತಿರುತ್ತದೆ, ಅಲ್ವಾ?

ಪಾತ್‌ಫೈಂಡರ್‌ನಲ್ಲಿ ಈ ಕೆಲಸಗಳಿಗೆಲ್ಲ ಇದ್ದದ್ದು ಒಂದೇ ಪ್ರೊಸೆಸರ್. ಅದು ಈಗ ಯಾರ ಪಾಲಿಗೆ ಎಂದು ತೀರ್ಮಾನಿಸುತ್ತಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ನಿಯಮ ಸರಳ: ಹೆಚ್ಚು ಮುಖ್ಯವಾದ ಕೆಲಸ ಬಂದರೆ ಕಡಿಮೆ ಮುಖ್ಯವಾದದ್ದು ಪಕ್ಕಕ್ಕೆ ಸರಿಯಬೇಕು.

ಮದುವೆಮನೆಯ ಅಡುಗೆ ನೆನೆಸಿಕೊಳ್ಳಿ. ಉಗ್ರಾಣದ ಬೀಗದಕೈ ಒಂದೇ. ಅದನ್ನು ತೆಗೆದುಕೊಂಡು ಸಹಾಯಕ ಹುಡುಗ ಬೆಲ್ಲ ತರಲು ಹೊರಟಿದ್ದಾನೆ. ದಾರಿಯಲ್ಲಿ ಒಬ್ಬರು "ಎಲೆ ಹಾಕು ಬಾ" ಅಂತ ಕರೆಯುತ್ತಾರೆ, ಇನ್ನೊಬ್ಬರು "ನೀರು ಕೊಡು" ಅನ್ನುತ್ತಾರೆ. ಇಬ್ಬರೂ ಅವನಿಗಿಂತ ದೊಡ್ಡವರು, ಇಲ್ಲ ಅನ್ನೋ ಹಾಗಿಲ್ಲ. ಬೀಗದಕೈ ಅವನ ಸೊಂಟದಲ್ಲೇ ಇದೆ. ಅಷ್ಟರಲ್ಲಿ ಅಡುಗೆಭಟ್ಟರಿಗೆ ತುಪ್ಪ ಬೇಕು. ಎಲ್ಲರಿಗಿಂತ ಮುಖ್ಯವಾದವರು ಅವರೇ, ಆದರೂ ಉಗ್ರಾಣದ ಬಾಗಿಲಲ್ಲಿ ಸುಮ್ನೆ ಕಾಯುತ್ತಾರೆ.

ನೌಕೆಯಲ್ಲಿ ಆದದ್ದು ಇದೇ. ಬೀಗದಕೈ ಜಾಗದಲ್ಲಿ, ಒಂದು ಸಲಕ್ಕೆ ಒಂದೇ ಕೆಲಸ ಹಿಡಿದುಕೊಳ್ಳಬಹುದಾದ ಸಾಫ್ಟ್‌ವೇರ್ ಬೀಗ. ಹುಡುಗನ ಜಾಗದಲ್ಲಿ ಹವಾಮಾನದ ಕೆಲಸ. ಭಟ್ಟರ ಜಾಗದಲ್ಲಿ ಉಪಕರಣಗಳ ಮಾಹಿತಿ ಹಂಚುವ ಕೆಲಸ. ನಡುವೆ ಕರೆದು ತಡ ಮಾಡಿದ್ದು ಮಧ್ಯಮ ದರ್ಜೆಯ ಕೆಲಸಗಳು. ಸೆಕೆಂಡಿಗೆ 8 ಸಲ ನಡೆಯುವ ಆ ಹಂಚಿಕೆ ಹೊತ್ತಿಗೆ ಮುಗಿದಿದೆಯೇ ಎಂದು ಇನ್ನೊಂದು ಕೆಲಸ ನೋಡುತ್ತಿತ್ತು. ಮುಗಿಯದಿದ್ದರೆ ಏನೋ ದೊಡ್ಡ ಎಡವಟ್ಟಾಗಿದೆ ಎಂದು ಇಡೀ ಕಂಪ್ಯೂಟರನ್ನೇ ರೀಸೆಟ್ ಮಾಡುತ್ತಿತ್ತು.

ಇದು ಗೊತ್ತಾದದ್ದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ ನೌಕೆಯ ಕಂಪ್ಯೂಟರಿನ ತದ್ರೂಪು ಇತ್ತು. ಗ್ಲೆನ್ ರೀವ್ಸ್ ಮುಂದಾಳತ್ವದ ಸಾಫ್ಟ್‌ವೇರ್ ತಂಡ ಅದರಲ್ಲೇ ಅದೇ ತೊಂದರೆ ಮರುಕಳಿಸುವಂತೆ ಮಾಡಲು ಕೂತಿತು. ಯಾವ ಕೆಲಸ ಯಾವಾಗ ಶುರುವಾಯಿತು, ಯಾವುದು ಯಾರಿಗೆ ಕಾಯಿತು ಎಂದು ಬರೆದಿಡುವ ಟ್ರೇಸ್ ಸೌಲಭ್ಯ ಸಾಫ್ಟ್‌ವೇರಿನಲ್ಲೇ ಇತ್ತು. ಉಡಾವಣೆಗೆ ಮುಂಚೆ ಅದನ್ನು ಕಿತ್ತುಹಾಕಿರಲಿಲ್ಲ, ಪುಣ್ಯ! ಕೊನೆಗೂ ರೀಸೆಟ್ ಆಯಿತು. ದಾಖಲೆ ನೋಡಿದರೆ ಬೀಗದಕೈ ಯಾರ ಬಳಿ ಇತ್ತು ಅನ್ನೋದು ಕಣ್ಣೆದುರೇ ಇತ್ತು. ಇಳಿಯುವ ಮುಂಚಿನ ಪರೀಕ್ಷೆಗಳಲ್ಲೂ ಈ ತೊಂದರೆ ಇಣುಕಿತ್ತು. ಹುಡುಕಹೊರಟಾಗ ಮತ್ತೆ ಕಾಣಿಸಿಕೊಂಡಿರಲಿಲ್ಲ, ಅಷ್ಟೆ.

ಪರಿಹಾರ ಒಂದು ಸೆಟ್ಟಿಂಗ್. ಬೀಗದಕೈ ಕೈಯಲ್ಲಿರುವಷ್ಟು ಹೊತ್ತು ಹುಡುಗನಿಗೂ ಭಟ್ಟರಷ್ಟೇ ಮರ್ಯಾದೆ, ನಡುವೆ ಯಾರೂ ಕರೆಯುವಂತಿಲ್ಲ. ಈ ಏರ್ಪಾಡು ವಿಎಕ್ಸ್‌ವರ್ಕ್ಸ್‌ನಲ್ಲಿ ಮೊದಲಿನಿಂದಲೂ ಇತ್ತು. ಆದರೆ ವೇಗ ಕಡಿಮೆಯಾಗದಿರಲಿ ಎಂದು ಆ ಬೀಗಕ್ಕೆ ಅದನ್ನು ಆಫ್ ಇಟ್ಟಿದ್ದರು. ಆನ್ ಮಾಡಿದರೆ ಅದೇ ಬಗೆಯ ಬೇರೆ ಬೀಗಗಳೂ ಬದಲಾಗುತ್ತಿದ್ದವು. ಹಾಗಾಗಿ ತಂಡ ಆತುರಪಡಲಿಲ್ಲ. ಬೇರೆಲ್ಲಿ ಪೆಟ್ಟು ಬೀಳಬಹುದು ಎಂದು ಲೆಕ್ಕ ಹಾಕಿ, ನೆಲದ ಮೇಲಿನ ತದ್ರೂಪಿನಲ್ಲಿ ಪರೀಕ್ಷಿಸಿ, ಆಮೇಲೆ ರೇಡಿಯೊ ಮೂಲಕ ಬದಲಾವಣೆ ಕಳಿಸಿತು. ಆ ಕಾರಣದ ರೀಸೆಟ್ ನಿಂತೇಹೋಯಿತು. 30 ದಿನ ಬಾಳಲಿ ಎಂದು ಮಾಡಿದ್ದ ನೌಕೆ ಸೆಪ್ಟೆಂಬರ್ 27ರವರೆಗೂ ಭೂಮಿಗೆ ಮಾಹಿತಿ ಕಳಿಸಿತು.