ಇಲ್ಲಿಂದಲೇ ಅಡ್ವಾನ್ಸ್ ಕಳಿಸಿಬಿಡಲಾ?

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರ್‌ಗೆ ಕ್ಲಾಸು ಶುರು. ಹಾಸ್ಟೆಲ್ ಕೇಳಿದರೆ ವೇಟಿಂಗ್ ಲಿಸ್ಟ್ ಅಂತಾರೆ. ನಾಲ್ಕು ಜನ ಸ್ಟೂಡೆಂಟ್ಸ್ ಸೇರಿಕೊಂಡು ಇರುವ ಮನೆಯಲ್ಲಿ ಒಂದು ರೂಮ್ ಖಾಲಿ ಇದೆಯಂತೆ. ಎರಡು ತಿಂಗಳ ಅಡ್ವಾನ್ಸ್ ಈಗಲೇ ಕಳಿಸಿದರೆ ರೂಮ್ ಹಿಡಿದಿಡುತ್ತೇನೆ ಎಂದು ಓನರ್ ಮೇಲ್ ಮಾಡಿದ್ದಾರೆ. ಕಳಿಸಬಹುದಾ? ಇಲ್ಲಾ ಅಲ್ಲಿಗೆ ಹೋದ ಮೇಲೆ ಹುಡುಕಬೇಕಾ? ಹುಡುಗರೂ ಇರುವ ಮನೆ ಅಂತ ಅವಳ ಅಜ್ಜಿ ಬೇರೆ ಊಟ ಬಿಟ್ಟು ಕೂತಿದ್ದಾರೆ. ಮಿಕ್ಸಿ ಕಳಿಸಬಹುದಾ ಅನ್ನುವುದನ್ನೂ ತಿಳಿಸಿ.
(ರಾಜಾಜಿನಗರದಿಂದ ಒಬ್ಬ ತಾಯಿ)

ಕಳಿಸಬೇಡಿ ಮೇಡಂ. ಮಿಕ್ಸಿ ಕಳಿಸಿ, ದುಡ್ಡು ಬೇಡ.

ನಾನು ಹೊರಟಾಗಲೂ ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಆಖೆನ್ ಊರಿನಲ್ಲಿ ಒಂದು ರೂಮು. ಫೋಟೋದಲ್ಲಿ ಮರದ ನೆಲ, ದೊಡ್ಡ ಕಿಟಕಿ, ಬಿಳಿ ಪರದೆ. ಬಾಡಿಗೆ ಬೇರೆ ಕಡಿಮೆ. ಓನರ್ ಬಹಳ ಮರ್ಯಾದೆಯ ಮನುಷ್ಯ. ತಾನು ಕೆಲಸದ ಮೇಲೆ ಲಂಡನ್‌ನಲ್ಲಿ ಇದ್ದೇನೆ, ದುಡ್ಡು ಬಂದ ತಕ್ಷಣ ಕೀ ಕೊರಿಯರ್ ಮಾಡುತ್ತೇನೆ ಎಂದು ಬರೆದಿದ್ದ. ತನ್ನ ಪಾಸ್‌ಪೋರ್ಟ್ ಸ್ಕ್ಯಾನ್ ಕೂಡ ಕಳಿಸಿದ್ದ. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗುವುದು ಅಂತ ತೀರ್ಮಾನ ಆಗಿತ್ತು. ರಾತ್ರಿ ಊಟ ಆದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಆ ಫೋಟೋಗಳನ್ನು ಇನ್ನೊಂದು ಸಲ ನೋಡುತ್ತಾ ಕೂತರು. ಅವತ್ತೇ ಎಸ್.ಪಿ. ರೋಡಿನಿಂದ ನನಗೆ ಜರ್ಮನಿಯ ಅಡಾಪ್ಟರ್ ತಂದಿದ್ದರು. ಎರಡು ದುಂಡನೆ ಪಿನ್ನಿನದು. ಅದನ್ನು ತಂದು ಸ್ಕ್ರೀನಿನ ಪಕ್ಕ ಹಿಡಿದರು. ಮಂಚದ ಹಿಂದಿನ ಗೋಡೆಯಲ್ಲಿ ಇದ್ದ ಸಾಕೆಟ್‌ಗೆ ಮೂರು ತೂತು, ಮೂರೂ ಚಪ್ಪಟೆ. "ಇದು ಯಾವ ಊರಿನ ಮನೆಯೋ, ಜರ್ಮನಿದಂತೂ ಅಲ್ಲ ಕಣೋ" ಅಂದರು. ಆ ಥರದ ಸಾಕೆಟ್ ಇರುವುದು ಇಂಗ್ಲೆಂಡಿನ ಮನೆಗಳಲ್ಲಿ. ಯಾರದೋ ಮನೆಯ ಫೋಟೋ ಎತ್ತಿಕೊಂಡು ಹಾಕಿದ್ದ. ಸಾಕೆಟ್ ಬಗ್ಗೆ ಕೇಳಿ ಒಂದು ಮೇಲ್ ಹಾಕಿದೆ. ಮತ್ತೆ ಉತ್ತರವೇ ಬರಲಿಲ್ಲ.

ಹಾಗಂತ ಎಲ್ಲರೂ ಮೋಸಗಾರರಲ್ಲ. ನಿಮಗೆ ಮೇಲ್ ಮಾಡಿದವರು ನಿಜವಾದ ಓನರ್ ಇದ್ದರೂ ಇರಬಹುದು. ಆದರೆ ಅಲ್ಲಿಯ ಕಾನೂನು ತಿಳಿದಿದ್ದರೆ ನಿಮ್ಮ ಅರ್ಧ ಗಾಬರಿ ಕಡಿಮೆಯಾಗುತ್ತದೆ. ನಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೂ ಕೊಟ್ಟು, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹಿಡಿದುಕೊಂಡರೂ ಸುಮ್ನೆ ಬರುತ್ತೇವೆ, ಅಲ್ವಾ? ಅಲ್ಲಿ ಅಡ್ವಾನ್ಸ್‌ಗೆ ಕೌಟ್ಸಿಯೋನ್ ಅಂತಾರೆ. ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ತಿಂಗಳಿಗೊಂದರಂತೆ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಇದೆ. ಮೊದಲ ಕಂತು ಕಟ್ಟಬೇಕಾದ್ದು ಬಾಡಿಗೆ ಶುರುವಾದಾಗ. ಅಂದರೆ ಕೀ ಕೈಗೆ ಬರುವ ಹೊತ್ತಿಗೆ. ಅಗ್ರಿಮೆಂಟ್ ಇಲ್ಲದೆ, ಮನೆ ತೋರಿಸದೆ, ಪೂರ್ತಿ ದುಡ್ಡು ಮೊದಲೇ ಹಾಕಿ ಅಂದರೆ ಅಲ್ಲೇ ಅನುಮಾನ ಪಡಿ. ಬ್ರೋಕರ್ ಫೀಸೂ ಅಷ್ಟೇ. 2015ರಿಂದ ಬಾಡಿಗೆ ಮನೆಗೆ ಬ್ರೋಕರ್‌ನನ್ನು ಕರೆದವರೇ ಅವನ ಫೀಸು ಕೊಡಬೇಕು.

ಮಗಳಿಗೆ ಒಂದು ಕೆಲಸ ಹೇಳಿ. ಆ ಮನೆಯಲ್ಲಿ ಈಗ ಇರುವ ಹುಡುಗರ ಜೊತೆ ವಿಡಿಯೋ ಕಾಲ್ ಮಾಡಲಿ. ರೂಮ್ ತೋರಿಸಿದರೆ ಸಾಲದು. ಹಾಗೇ ಮೆಟ್ಟಿಲಿಳಿದು ಕೆಳಗಿನ ಬಾಗಿಲಿನ ಕಾಲಿಂಗ್ ಬೆಲ್ ತೋರಿಸಿ ಅನ್ನಲಿ. ಅಲ್ಲಿ ಬೆಲ್ ಪಕ್ಕ, ಪೋಸ್ಟ್ ಡಬ್ಬಿಯ ಮೇಲೆ, ಮನೆಯಲ್ಲಿ ಇರುವವರ ಸರ್‌ನೇಮ್ ಬರೆದಿರುತ್ತಾರೆ. ಫ್ಲಾಟ್ ನಂಬರಿಗಿಂತ ಆ ಹೆಸರೇ ಮುಖ್ಯ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಮೋಸ ಮಾಡುವವನಿಗೆ ಈ ಬೆಲ್ ತೋರಿಸುವುದು ಕಷ್ಟ. ಅದೇ ಊರಿನಲ್ಲಿ ಕನ್ನಡದವರೋ ಕಾಲೇಜಿನ ಸೀನಿಯರೋ ಇದ್ದರೆ ಇನ್ನೂ ಒಳ್ಳೆಯದು, ಒಮ್ಮೆ ಹೋಗಿ ನೋಡಿ ಬರಲಿ.

ಹೀಗೆ ಸೇರಿಕೊಂಡು ಇರುವ ಮನೆಗೆ ಅಲ್ಲಿ ವೇಗೇ ಅಂತಾರೆ. ರೂಮ್ ಒಬ್ಬೊಬ್ಬರಿಗೆ ಒಂದು, ಅಡುಗೆಮನೆ ಬಾತ್‌ರೂಮ್ ಎಲ್ಲರಿಗೂ. ನಮ್ಮ ಪಿಜಿ ಥರ ಅಂದುಕೊಳ್ಳಬೇಡಿ. ಊಟ ಹಾಕುವ ಆಂಟಿ ಇಲ್ಲ, ಹತ್ತು ಗಂಟೆಗೆ ಗೇಟ್ ಹಾಕುವವರೂ ಇಲ್ಲ. ಸಾಮಾನ್ಯವಾಗಿ ಹೊಸಬರನ್ನು ಆರಿಸುವುದು ಓನರ್ ಅಲ್ಲ, ಈಗಾಗಲೇ ಇರುವ ಹುಡುಗರು. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಒಂದು ಅರ್ಧ ಗಂಟೆ ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಉಪ್ಪಿಟ್ಟು ಕೇಸರಿಬಾತ್ ಮಾತ್ರ ಇರಲ್ಲ. ವೇಗೇ-ಗೆಸೂಖ್ಟ್ ಥರದ ಸೈಟುಗಳಲ್ಲಿ ಒಂದೇ ಮೆಸೇಜನ್ನು ಐವತ್ತು ಜನಕ್ಕೆ ಕಾಪಿ ಪೇಸ್ಟ್ ಮಾಡಿದರೆ ಯಾರೂ ಓದಲ್ಲ. ಜಾಹೀರಾತಿನ ಮಧ್ಯ ಒಂದು ಪದ ಅಡಗಿಸಿಟ್ಟು, ಮೆಸೇಜನ್ನು ಈ ಪದದಿಂದ ಶುರು ಮಾಡಿ ಎಂದು ಬರೆಯುವವರೂ ಇದ್ದಾರೆ. ಓದಿದ್ದಾಳೋ ಇಲ್ಲವೋ ಅಂತ ಪರೀಕ್ಷೆ.

ಅಜ್ಜಿಗೆ ಹೇಳಿ: ಪ್ರತಿ ರೂಮಿಗೂ ಬಾಗಿಲಿದೆ. ಜಾಹೀರಾತಿನಲ್ಲೇ ಮನೆಯಲ್ಲಿ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಎಂದು ಹಾಕಿರುತ್ತಾರೆ. ಹುಡುಗಿಯರೇ ಇರುವ ವೇಗೇಗಳೂ ಸಿಗುತ್ತವೆ. ಊಟ ಮಾಡಲಿ ಪಾಪ.

ಬಾಡಿಗೆ ನೋಡುವಾಗ ಕಾಲ್ಟ್, ವಾರ್ಮ್ ಎಂದು ಎರಡು ಅಂಕಿ ಇರುತ್ತವೆ. ಕಾಲ್ಟ್ ಅಂದರೆ ಬರೀ ಜಾಗಕ್ಕೆ. ವಾರ್ಮ್ ಅಂದರೆ ಹೀಟರ್, ನೀರು, ಕಸ ಎಲ್ಲ ಸೇರಿ. ಎಷ್ಟೋ ಕಡೆ ಕರೆಂಟು, ಇಂಟರ್‌ನೆಟ್ಟು ಅದರ ಮೇಲೆ ಬೇರೆ. ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಖಾತೆ) 11,904 ಯೂರೋ ಇಟ್ಟಿದ್ದೀರಲ್ಲ, ಅದರಲ್ಲಿ ತಿಂಗಳಿಗೆ ಕೈಗೆ ಬರುವುದು 992. ಜರ್ಮನ್ ಸರ್ಕಾರ ತನ್ನ ದೇಶದ ವಿದ್ಯಾರ್ಥಿಗಳಿಗೆ ಕೊಡುವ ನೆರವಿನಲ್ಲಿ ಬಾಡಿಗೆಗೆ ಅಂತ ಲೆಕ್ಕ ಹಿಡಿದಿರುವುದು 380 ಯೂರೋ. ಮ್ಯೂನಿಕ್‌ನಲ್ಲಿ ಆ ದುಡ್ಡಿಗೆ ರೂಮ್ ಸಿಕ್ಕರೆ ನನಗೂ ಹೇಳಿ.

ನನ್ನ ಪ್ರಕಾರ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: "ಈ ವಿಳಾಸದಲ್ಲಿ ಆನ್ಮೆಲ್ಡುಂಗ್ ಮಾಡಿಸಬಹುದಾ?" ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಇವರು ನಮ್ಮ ಮನೆಯಲ್ಲಿ ಇದ್ದಾರೆ ಎಂದು ಮನೆ ಕೊಟ್ಟವರು ಸಹಿ ಹಾಕಿದ ಒಂದು ಹಾಳೆ ಬೇಕು. ಇಲ್ಲಿಂದ ಕೊಡುವ ವೀಸಾ ಸಾಮಾನ್ಯವಾಗಿ ಕೆಲವೇ ತಿಂಗಳದ್ದು. ಮುಂದಿನ ಪರ್ಮಿಟ್‌ಗೆ, ಟ್ಯಾಕ್ಸ್ ನಂಬರಿಗೆ ಎಲ್ಲಕ್ಕೂ ಈ ನೋಂದಣಿಯೇ ಬುಡ. ನಾನು ಮೊದಲು ಇದ್ದ ರೂಮಿನವನು ಇರು, ಆದರೆ ಸಹಿ ಮಾತ್ರ ಹಾಕಲ್ಲ ಅಂದ. ಅವನು ಓನರ್‌ಗೆ ಹೇಳದೆ ಒಳಬಾಡಿಗೆಗೆ ಕೊಟ್ಟಿದ್ದ, ಅದಕ್ಕೇ ಹೆದರಿಕೆ. ಐದು ವಾರ ಆ ಹಾಳೆಗಾಗಿ ಅಲೆದಿದ್ದೇನೆ. ನೋಂದಣಿ ಆದ ಮೇಲೆ ರೇಡಿಯೋ-ಟೀವಿ ಶುಲ್ಕದ ಕಾಗದ ಬರುತ್ತದೆ, ತಿಂಗಳಿಗೆ 18.36 ಯೂರೋ. ಟೀವಿ ಇಲ್ಲ ಅಂದರೂ ಬಿಡಲ್ಲ. ಆದರೆ ಮನೆಗೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಹಂಚಿಕೊಳ್ಳುತ್ತಾರೆ.

ಹಾಗಾದರೆ ಈಗೇನು ಮಾಡುವುದು? ಹಾಸ್ಟೆಲ್ ಲಿಸ್ಟಿನಲ್ಲಿ ಹೆಸರು ಹಾಗೇ ಇರಲಿ. ಶ್ಟುಡೀರೆಂಡನ್‌ವೆರ್ಕ್ ಅಂತ ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳುವ ಸಂಸ್ಥೆ ಇದೆ, ಅದು ನಡೆಸುವ ಹಾಸ್ಟೆಲ್‌ಗಿಂತ ಕಡಿಮೆಗೆ ಏನೂ ಸಿಗುವುದು ಅಪರೂಪ. ಅದರ ಜೊತೆಗೇ ಒಂದು ತಾತ್ಕಾಲಿಕ ರೂಮ್ ಹುಡುಕಲಿ. ಇಂಟರ್ನ್‌ಶಿಪ್ಪಿಗೋ ಊರಿಗೋ ಹೋಗುವವರು ತಮ್ಮ ರೂಮನ್ನು ಒಂದೆರಡು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಅದಕ್ಕೆ ಟ್ಸ್ವಿಶೆನ್‌ಮೀಟ ಅಂತಾರೆ. ಸಾಧ್ಯವಾದರೆ ಸೆಪ್ಟೆಂಬರ್ ಮಧ್ಯಕ್ಕೇ ಹೊರಡಲಿ. ಅಕ್ಟೋಬರ್ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮನೆ ಹುಡುಕುತ್ತಿರುತ್ತಾರೆ.

ಸೇರಿಕೊಂಡ ಮೇಲೆ ಜಗಳ ಬರುವುದು ದೊಡ್ಡ ವಿಷಯಕ್ಕಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿರುತ್ತಾರೆ, ಈ ವಾರ ಬಾತ್‌ರೂಮ್ ಯಾರು, ಕಸ ಯಾರು ಅಂತ. ಪುಟ್ಸ್‌ಪ್ಲಾನ್ ಅದು. ಎರಡು ವಾರ ತಪ್ಪಿಸಿದರೆ ಯಾರೂ ಬೈಯಲ್ಲ, ನಿಮ್ಮ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ, ಅದು ಬೈಗುಳಕ್ಕಿಂತ ಜಾಸ್ತಿ. ಚಳಿಗಾಲದಲ್ಲಿ ಬಟ್ಟೆಯನ್ನು ರೂಮಿನಲ್ಲೇ ಒಣಗಿಸಿ ಕಿಟಕಿ ಮುಚ್ಚಿಟ್ಟರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಅಡ್ವಾನ್ಸಿನಲ್ಲಿ ಮುರಿಯುತ್ತಾರೆ. ದಿನಕ್ಕೆ ಎರಡು ಮೂರು ಸಲ, ಎಷ್ಟೇ ಚಳಿ ಇದ್ದರೂ, ಐದು ನಿಮಿಷ ಕಿಟಕಿ ಪೂರ್ತಿ ತೆಗೆಯಬೇಕು. ಬಿಡುವಾಗ ಅವಧಿ ಗೊತ್ತುಮಾಡದ ಅಗ್ರಿಮೆಂಟ್ ಆದರೆ ಸುಮಾರು ಮೂರು ತಿಂಗಳು ಮುಂಚೆ ನೋಟಿಸ್ ಕೊಡಬೇಕು, ಅದೂ ಹಾಳೆಯ ಮೇಲೆ ಸಹಿ ಹಾಕಿ. ವಾಟ್ಸಾಪಿನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ.

ಇನ್ನು ಮಿಕ್ಸಿ. ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮಿಕ್ಸಿ ಆರಾಮಾಗಿ ಓಡುತ್ತದೆ, ಅದರ ಪ್ಲಗ್ಗಿಗೆ ಹೊಂದುವ, ಭಾರ ತಡೆಯುವ ಅಡಾಪ್ಟರ್ ಒಂದು ಬೇಕು. ಇಂಗಿನ ಡಬ್ಬಿಗೆ ಎರಡು ಕವರ್ ಸುತ್ತಿ. ನನ್ನ ಡಬ್ಬಿಯ ವಾಸನೆಗೆ ಗ್ಯಾಸ್ ಲೀಕ್ ಆಗಿದೆ ಅಂತ ಪಕ್ಕದ ರೂಮಿನವಳು ಎಲ್ಲ ಕಿಟಕಿ ತೆಗೆದಿದ್ದಳು. ಇನ್ನೊಂದು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವ ಹಾಗಿಲ್ಲ, ಭಾನುವಾರ ಇಡೀ ದಿನ. ಒಂದು ಭಾನುವಾರ ಬೆಳಿಗ್ಗೆ ದೋಸೆಗೆ ಅಂತ ಕಾಯಿ ಚಟ್ನಿ ರುಬ್ಬುತ್ತಿದ್ದೆ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಗೋಡೆ ಕೊರೆಯುತ್ತಿದ್ದೀಯಾ ಅಂತ ಕೇಳಿದರು. ಜಾರ್ ತೋರಿಸಿದೆ. ಒಂದು ಬಟ್ಟಲಲ್ಲಿ ಚಟ್ನಿ, ಮೇಲೊಂದು ದೋಸೆ ಕೊಟ್ಟು ಕಳಿಸಿದೆ. ಬಟ್ಟಲು ಸಂಜೆಗೆ ತೊಳೆದು ವಾಪಸ್ ಬಂತು, ಜೊತೆಗೆ ಒಂದು ಚೀಟಿ: ಮುಂದಿನ ಸಲ ಶನಿವಾರವೇ ರುಬ್ಬಿಟ್ಟುಕೋ.