ಕಡಲ ಮೇಲೆ ಹಾರಿದ ಡ್ರೋನ್ ಮೈನಸ್ 41 ಮೀಟರ್ ಅನ್ನುವುದೇಕೆ?

ಪ್ರಶ್ನೆ: ಮಲ್ಪೆಯ ದಂಡೆಯಲ್ಲಿ ನಿಂತು ಡ್ರೋನ್ ಹಾರಿಸಿ ಫೋಟೋ ತೆಗೆದೆ. ಆಗ ರಿಮೋಟಿನ ಪರದೆ 45 ಮೀಟರ್ ತೋರಿಸುತ್ತಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೋಟೋದ ವಿವರ ತೆರೆದು ನೋಡಿದರೆ ಎತ್ತರ ಮೈನಸ್ 41 ಅಂತಿದೆ. ಡ್ರೋನ್ ಕೆಟ್ಟಿದೆಯೇ? ಇವೆರಡರಲ್ಲಿ ಯಾವುದನ್ನು ನಂಬಲಿ?

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಎರಡೂ ಅಂಕಿಗಳು ತಂತಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಯಾಗೇ ಇವೆ. ಎತ್ತರ ಅಂದ ಕೂಡಲೇ ‘ಎಲ್ಲಿಂದ?’ ಅಂತ ಕೇಳಬೇಕು. ನಿಮ್ಮ ಡ್ರೋನ್ ಈ ಪ್ರಶ್ನೆಗೆ ಪರದೆಯ ಮೇಲೆ ಒಂದು ಉತ್ತರ ಕೊಟ್ಟಿದೆ, ಫೋಟೋದೊಳಗೆ ಇನ್ನೊಂದು ಬರೆದಿಟ್ಟಿದೆ.

ಪರದೆಯ 45 ಮೀಟರ್ ಅಂದರೆ ಡ್ರೋನ್ ನೆಲ ಬಿಟ್ಟ ಜಾಗದಿಂದ ಅಳೆದ ಎತ್ತರ. ಮೋಟಾರು ಶುರುವಾಗಿ ಮೇಲೇಳುವಾಗ ಆ ಜಾಗವನ್ನೇ ಸೊನ್ನೆ ಅಂತ ಹಿಡಿಯುತ್ತದೆ. ಅಳೆಯುವುದು ಒಳಗಿರುವ ಬ್ಯಾರೊಮೀಟರ್, ಅಕ್ಕಿ ಕಾಳಿಗಿಂತ ಚಿಕ್ಕದಾದ ಒಂದು ಚಿಪ್. ಮೇಲಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಭಾವ ಪೆರಿಯೆ 1648ರಲ್ಲಿ ಫ್ರಾನ್ಸಿನ ಪುಯಿ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತು ಹತ್ತಿ ಕಂಡಿದ್ದು ಇದನ್ನೇ. ಕಡಲ ಮಟ್ಟದಲ್ಲಿ ಸುಮಾರು 8 ಮೀಟರ್ ಏರಿದರೆ ಒತ್ತಡ ಒಂದು ಮಿಲಿಬಾರ್ ಕಡಿಮೆಯಾಗುತ್ತದೆ, ಬೆಂಗಳೂರಿನ ಎತ್ತರದಲ್ಲಿ ಅದಕ್ಕೆ 9 ಮೀಟರಿಗೂ ಸ್ವಲ್ಪ ಹೆಚ್ಚು ಬೇಕು. ಈ ಚಿಪ್ ಒಂದು ಮಿಲಿಬಾರಿನ ಹತ್ತನೇ ಒಂದು ಪಾಲನ್ನೂ ಗುರುತಿಸುತ್ತದೆ. ಹಾಗಾಗಿ ಒಂದೇ ಹಾರಾಟದೊಳಗೆ, ಎರಡು ಎತ್ತರಗಳ ನಡುವಿನ ವ್ಯತ್ಯಾಸವನ್ನು ಇದು ಒಂದೆರಡು ಮೀಟರಿನೊಳಗೆ ಹೇಳುತ್ತದೆ.

ಫೋಟೋದ ಮೈನಸ್ 41 ಬಂದಿದ್ದು ಜಿಪಿಎಸ್‌ನಿಂದ. ಜಿಪಿಎಸ್‌ಗೆ ಕಡಲು ಗೊತ್ತಿಲ್ಲ. ಭೂಮಿಯನ್ನು ನುಣುಪಾದ, ಸ್ವಲ್ಪ ಚಪ್ಪಟೆಯಾದ ಗೋಳ ಅಂತ ಕಲ್ಪಿಸಿಕೊಂಡು ಆ ಮೇಲ್ಮೈಯಿಂದ ಎತ್ತರ ಎಣಿಸುತ್ತದೆ. ಇದಕ್ಕೆ ಎಲಿಪ್ಸಾಯ್ಡ್ ಅನ್ನುತ್ತಾರೆ. ನಿಜವಾದ ಕಡಲು ಆ ಗೋಳಕ್ಕೆ ಅಂಟಿಕೊಂಡಿಲ್ಲ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದ ಕಾರಣ ಸಮುದ್ರದ ಮಟ್ಟ ಕೆಲವೆಡೆ ಉಬ್ಬಿದೆ, ಕೆಲವೆಡೆ ತಗ್ಗಿದೆ. ಜಗತ್ತಿನಲ್ಲೇ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ನೀರು ಆ ಕಲ್ಪನೆಯ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಆ ತಗ್ಗಿನ ಇಳಿಜಾರಿನಲ್ಲೇ ನಮ್ಮ ಇಡೀ ಕರ್ನಾಟಕ ಕೂತಿದೆ. ಮಲ್ಪೆಯ ಕಡೆ ಈ ಅಂತರ ಸುಮಾರು 85 ಮೀಟರ್. ಮಲ್ಪೆಯ ಮರಳಿನ ಮೇಲೆ ಡ್ರೋನ್ ಸುಮ್ಮನೆ ಇಟ್ಟರೂ ಶುದ್ಧ ಜಿಪಿಎಸ್ ಲೆಕ್ಕದಲ್ಲಿ ಅದು ಮೈನಸ್ 85ರ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ 45 ಮೀಟರ್ ಮೇಲೆ ಹೋದರೆ ಮೈನಸ್ 41 ಬರುವುದು ಸಹಜ.

ಕೆಲವು ಮಾದರಿಗಳು ಈ ತಿದ್ದುಪಡಿಯನ್ನು ತಾವೇ ಮಾಡಿ ಸಮುದ್ರ ಮಟ್ಟದಿಂದ ಎತ್ತರ ಬರೆಯುತ್ತವೆ, ಕೆಲವು ಬರೆಯುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳೂ ಬೇರೆಬೇರೆಯಾಗಿ ಬರೆಯಬಹುದು. ಡಿಜೆಐ ಕಂಪನಿಯ ಡ್ರೋನ್ ಫೋಟೋಗಳಲ್ಲಿ ಮಾಮೂಲಿ ಜಿಪಿಎಸ್ ಆಲ್ಟಿಟ್ಯೂಡ್ ಅಲ್ಲದೆ ‘ರಿಲೇಟಿವ್ ಆಲ್ಟಿಟ್ಯೂಡ್’ ಅನ್ನುವ ಇನ್ನೊಂದು ಸಾಲೂ ಇರುತ್ತದೆ. ಪರದೆಯಲ್ಲಿ ನೋಡಿದ ಎತ್ತರ ಅದೇ. ಸಾಮಾನ್ಯ ಫೋಟೋ ಆ್ಯಪ್‌ಗಳು ಆ ಸಾಲನ್ನು ತೋರಿಸುವುದೇ ಇಲ್ಲ, ಹಾಗಾಗಿ ಜನ ತಪ್ಪು ಅಂಕಿ ಹಿಡಿದು ಚಿಂತೆ ಮಾಡುತ್ತಾರೆ.

ಸಮುದ್ರ ಮಟ್ಟ ಅನ್ನುವುದೂ ಸಲೀಸಾಗಿ ಸಿಕ್ಕಿದ್ದಲ್ಲ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ನೋಡುವ ಆ ಎತ್ತರಕ್ಕೆ ತಳಹದಿ, ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರವಿಳಿತ ಅಳೆದು 1909ರಲ್ಲಿ ಹಾಕಿದ ಲೆಕ್ಕ. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು.

ಹಾಗಾದರೆ ಪರದೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದೇ? ಇಲ್ಲ. ಬ್ಯಾರೊಮೀಟರ್ ಅಳೆಯುವುದು ಒತ್ತಡವನ್ನು, ಎತ್ತರವನ್ನಲ್ಲ. ಒತ್ತಡವನ್ನು ಎತ್ತರಕ್ಕೆ ತಿರುಗಿಸಲು ಒಂದು ‘ಪ್ರಮಾಣಿತ ವಾತಾವರಣ’ ಬೇಕು: ಕಡಲ ಮಟ್ಟದಲ್ಲಿ 15 ಡಿಗ್ರಿ, ಮೇಲೆ ಹೋದಂತೆ ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಕಡಿಮೆ. ಈ ಲೆಕ್ಕದಲ್ಲಿ 920 ಮೀಟರ್ ಎತ್ತರದ ಬೆಂಗಳೂರು ಸದಾ 9 ಡಿಗ್ರಿ ಚಳಿಯಲ್ಲಿರಬೇಕು! ಮಧ್ಯಾಹ್ನ 32 ಡಿಗ್ರಿ ಬಿಸಿಲಿದ್ದರೆ ಗಾಳಿ ಹಿಗ್ಗಿ ತೆಳುವಾಗಿರುತ್ತದೆ. ಅಷ್ಟೇ ಒತ್ತಡ ಇಳಿಯಲು ಡ್ರೋನ್ ಇನ್ನೂ ಮೇಲೆ ಹೋಗಬೇಕಾಗುತ್ತದೆ. ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಡ್ರೋನ್ ಪರದೆಯಲ್ಲಿ 100 ಮೀಟರ್ ತೋರಿಸಿದಾಗ ನಿಜಕ್ಕೂ ಅದು 108ರಲ್ಲಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅಂತ ನಮ್ಮೂರಿನ ನೀರಿನ ಟ್ಯಾಂಕಿನ ಕಟ್ಟೆಯಿಂದ ಟೇಪು ಇಳಿಬಿಟ್ಟು ಅಳೆದೆ: ನೆಲಕ್ಕೆ 18 ಮೀಟರ್. ಬುಡದಿಂದ ಡ್ರೋನ್ ಎಬ್ಬಿಸಿ, ಕ್ಯಾಮೆರಾವನ್ನು ನೇರ ಮುಂದಕ್ಕೆ ತಿರುಗಿಸಿ, ಕಟ್ಟೆಯ ಅಂಚು ಚಿತ್ರದ ಸರಿಮಧ್ಯಕ್ಕೆ ಬರುವ ತನಕ ಏರಿಸಿದೆ. ಬೆಳಗ್ಗೆ ಏಳಕ್ಕೆ ಪರದೆ 17.4 ಅಂದಿತು. ಮಧ್ಯಾಹ್ನ ಮೂರಕ್ಕೆ ಅದೇ ಅಂಚಿನಲ್ಲಿ 16.6. ಒಂದು ಟ್ಯಾಂಕಿನ ಅಳತೆಯಲ್ಲಿ ಗಾಳಿಯ ಅಲುಗಾಟವೂ ಸೇರಿರುತ್ತದೆ, ನಿಜ. ಆದರೂ ಎರಡು ಸಲವೂ ತಪ್ಪಿದ್ದು ಒಂದೇ ಕಡೆಗೆ, ಬಿಸಿಲೇರಿದಾಗ ತಪ್ಪು ದೊಡ್ಡದಾಯಿತು.

ಇನ್ನೊಂದು ತೊಂದರೆ, ಹಾರುತ್ತಿರುವಾಗಲೇ ಊರಿನ ಒತ್ತಡ ಬದಲಾಗುವುದು. ನಮ್ಮ ಕಡೆ ಬೆಳಗಿನ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ದಿನವೂ ಸುಮಾರು 3-4 ಮಿಲಿಬಾರ್ ಇಳಿಯುತ್ತದೆ, ಅಂದರೆ ಬ್ಯಾರೊಮೀಟರಿಗೆ ಸುಮಾರು 30 ಮೀಟರ್. ಇಪ್ಪತ್ತು ನಿಮಿಷದ ಹಾರಾಟದಲ್ಲಿ ಇದು ದೊಡ್ಡದಲ್ಲ. ಮಳೆಗೆ ಮುಂಚಿನ ಗಾಳಿ ಬಂದರೆ ಮಾತ್ರ ಕಥೆ ಬೇರೆ. ಒಮ್ಮೆ ಮೋಡ ಕವಿಯುತ್ತಿದ್ದ ಸಂಜೆ ಹೊಲದ ಬದುವಿನಿಂದ ಹಾರಿಸಿದೆ. ತಣ್ಣನೆ ಗಾಳಿ ಬೀಸಿತು, ಅವಸರದಲ್ಲಿ ಅದೇ ಬದುವಿಗೆ ಇಳಿಸಿದೆ. ಡ್ರೋನ್ ಮಣ್ಣಿನ ಮೇಲೆ ಕೂತಿದೆ, ಪರದೆಯಲ್ಲಿ ಮೈನಸ್ 2.7.

‘ನನ್ನ ಡ್ರೋನಿನ ಡಬ್ಬಿಯ ಮೇಲೆ ±0.1 ಮೀಟರ್ ಅಂತ ಬರೆದಿದ್ದಾರಲ್ಲ’ ಅಂತ ಹಲವರು ಕೇಳುತ್ತಾರೆ. ಅದು ನಿಂತಲ್ಲಿ ಅಲುಗಾಡದೆ ನಿಲ್ಲುವ ನಿಖರತೆ, ಅದೂ ಹೊಟ್ಟೆಯಡಿಯ ಸೆನ್ಸರಿಗೆ ನೆಲ ಚೆನ್ನಾಗಿ ಕಾಣುವಷ್ಟು ಕೆಳಗಿದ್ದಾಗ. ಅದಕ್ಕೂ ಎತ್ತರದ ಅಂಕಿಗೂ ಸಂಬಂಧವಿಲ್ಲ. ಅಲೆಗಳ ಮೇಲೆ ಆ ಸೆನ್ಸರು ಮೋಸ ಹೋಗುತ್ತದೆ, ಆದ್ದರಿಂದ ಮಲ್ಪೆಯಲ್ಲಿ ನೀರಿಗೆ ಎರಡು ಮೀಟರ್ ಹತ್ತಿರ ಇಳಿಸುವ ಸಾಹಸ ದಯವಿಟ್ಟು ಬೇಡ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಡ್ರೋನಿನ ಕೆಳಗಿನ ನೆಲದ ಬಗ್ಗೆ. ಘಟ್ಟದ ಅಂಚಿನಿಂದ ಹಾರಿಸಿ ಕಣಿವೆಯ ಮೇಲೆ ಒಯ್ದರೆ ಪರದೆ 30 ಮೀಟರ್ ಅನ್ನುತ್ತಲೇ ಇರುತ್ತದೆ, ಕೆಳಗೆ ನೆಲ ಇರುವುದು 230 ಮೀಟರ್ ಆಳದಲ್ಲಿ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದ (ಮುಂಚಿತ ಅನುಮತಿ ಬೇಡದ ಜಾಗದ) ಮಿತಿ 400 ಅಡಿ, ಅಂದರೆ 120 ಮೀಟರ್. ಅದನ್ನು ಎಣಿಸಬೇಕಾದ್ದು ನೆಲದಿಂದ. ಬಿಸಿಲಿನಿಂದ ಬರುವ ನೂರಕ್ಕೆ ಎಂಟರ ತಪ್ಪನ್ನೂ ನೆನೆದರೆ ಸಮತಟ್ಟು ನೆಲದಲ್ಲೂ 110ಕ್ಕೆ ನಿಲ್ಲಿಸುವುದು ಒಳ್ಳೆಯದು. ತಗ್ಗಿನಿಂದ ಗುಡ್ಡದ ಕಡೆ ಹಾರಿಸುವವರಿಗೆ ಅಪಾಯ ಇದಕ್ಕೂ ಹತ್ತಿರದ್ದು. ಸಿಗ್ನಲ್ ತಪ್ಪಿದಾಗ ಡ್ರೋನ್ ವಾಪಸ್ ಬರುವ ಎತ್ತರವನ್ನು 30 ಮೀಟರಿಗೆ ಇಟ್ಟಿದ್ದೀರಿ, ದಾರಿಯಲ್ಲಿ 15 ಮೀಟರ್ ಏರಿದ ದಿಬ್ಬ, ಅದರ ಮೇಲೆ 20 ಮೀಟರಿನ ತೆಂಗು. ಮುಂದೆ ನೋಡುವ ಸೆನ್ಸರಿಲ್ಲದ ಡ್ರೋನ್ ಗರಿಯೊಳಗೆ ನುಗ್ಗುತ್ತದೆ.

ಕೆರೆಯಿಂದ ತೋಟಕ್ಕೆ ನೀರು ತಾನಾಗೇ ಹರಿಯುತ್ತದೋ ಅಂತ ಡ್ರೋನ್ ಫೋಟೋದಿಂದ ಹೇಳಿ ಅಂತ ರೈತರೊಬ್ಬರು ಕೇಳಿದ್ದರು. ಕಾಲುವೆಯ ಇಳಿಜಾರು ಕಿಲೋಮೀಟರಿಗೆ 20 ಸೆಂಟಿಮೀಟರ್ ಇದ್ದರೂ ನೀರು ಹರಿಯುತ್ತದೆ, ನಮ್ಮ ಡ್ರೋನಿನ ತಪ್ಪೇ ಮೀಟರುಗಟ್ಟಲೆ. ದುಡ್ಡು ಸುರಿದು ಕಾಲುವೆ ತೋಡುವ ಮುಂಚೆ ಡಂಪಿ ಲೆವೆಲ್ (ನೆಲದ ಏರಿಳಿತ ಅಳೆಯುವ ಸರ್ವೆ ದುರ್ಬೀನು) ಹಿಡಿದವರನ್ನೇ ಕರೆಸಿ ಅಂದೆ. 2020ರಿಂದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳನ್ನು ಅಳೆಯುವ ಸರ್ವೆ ಆಫ್ ಇಂಡಿಯಾದ ಡ್ರೋನ್‌ಗಳು ನಮ್ಮ ಕೈಯಲ್ಲಿರುವಂಥವಲ್ಲ. ನೆಲದ ಮೇಲೆ ಸ್ಥಿರವಾಗಿ ನಿಂತ ಜಿಪಿಎಸ್ ಕೇಂದ್ರಗಳ ಜಾಲ ಅವುಗಳ ಅಳತೆಯನ್ನು ಸೆಂಟಿಮೀಟರುಗಳಿಗೆ ಇಳಿಸುತ್ತದೆ.

ನಿಮ್ಮ ಮಲ್ಪೆಯ ಫೋಟೋಗೆ ‘ದಂಡೆಯಿಂದ ಸುಮಾರು 45 ಮೀಟರ್ ಎತ್ತರ’ ಅಂತ ಧೈರ್ಯವಾಗಿ ಬರೆಯಿರಿ. ಮುಂದಿನ ಸಲ ಹಾರಿಸಿದ ಜಾಗಕ್ಕೇ ಇಳಿಸಿ, ಬ್ಯಾಟರಿ ಆರಿಸುವ ಮುಂಚೆ ಪರದೆಯ ಎತ್ತರ ನೋಡಿ. ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟನ್ನು ಆ ದಿನದ ಫೋಟೋಗಳ ಜೊತೆ ಬರೆದಿಟ್ಟುಕೊಳ್ಳಿ.